ಬಿಪಿ, ಶುಗರ್ ನೋಡುವ ಕಡೆ ಮನಸ್ಸಿನ ಬಗ್ಗೆಯೂ ಕೇಳಲಿ

ಮಾನ್ಯ ಸಂಪಾದಕರೇ,

ಹೊಸದುರ್ಗದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಯಾರು ಯಾವ ಮಾತ್ರೆ ಒಯ್ಯುತ್ತಾರೆ, ಯಾರು ಒಯ್ಯುವುದನ್ನು ಬಿಟ್ಟರು ಅನ್ನೋದು ಕೌಂಟರ್ ಹಿಂದೆ ನಿಂತವನಿಗೆ ಗೊತ್ತಾಗುತ್ತದೆ. ಹಾಗೆ ಗೊತ್ತಾದ ಒಂದು ವಿಷಯಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ವಾರ ವಾರ ಬರುವ ಒಬ್ಬ ಅಕ್ಕ ಇದ್ದಾರೆ. ಒಂದು ವಾರ ಗ್ಯಾಸ್ ಮಾತ್ರೆ, ಇನ್ನೊಂದು ವಾರ ಮೈಕೈ ನೋವಿನ ಮಾತ್ರೆ, ಮತ್ತೊಮ್ಮೆ ಶಕ್ತಿ ಟಾನಿಕ್. "ಹೊಟ್ಟೆಯಿಂದ ಎದೆಗೆ ಏನೋ ಏರಿದಂಗಾಗ್ತದೆ, ನೆತ್ತಿ ಉರೀತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ" ಅನ್ನುತ್ತಾರೆ. ಸ್ಕ್ಯಾನಿಂಗ್ ಆಯಿತು, ಎಂಡೋಸ್ಕೋಪಿ ಆಯಿತು. ಎಲ್ಲ ನಾರ್ಮಲ್, ಏನೂ ಇಲ್ಲ ಅಂತ ಹೇಳಿ ಕಳಿಸಿದರು. ಆದರೆ ಆಕೆಯ ನೋವು ಸುಳ್ಳಲ್ಲ. ನಮ್ಮ ಕಡೆ ಖಿನ್ನತೆ "ನನಗೆ ಬೇಜಾರು" ಅಂತ ಹೇಳಿಕೊಂಡು ಬರುವುದು ಕಡಿಮೆ. ಸುಸ್ತು, ನೋವು, ಊಟ ಸೇರದಿರುವುದು, ನಿದ್ದೆ ಇಲ್ಲದಿರುವುದು, ಇವುಗಳ ಹೆಸರಲ್ಲೇ ಅದು ಬರುತ್ತದೆ.

ಇದು ನನಗೆ ಅರ್ಥ ಆಗಿದ್ದು ನಮ್ಮ ಮನೆಯಲ್ಲೇ ಆದ ಮೇಲೆ. ಎರಡು ವರ್ಷದ ಹಿಂದೆ ನನ್ನ ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಗಿ, ರಕ್ತನಾಳ ತೆರೆದಿಡುವ ಸಣ್ಣ ನಳಿಕೆ, ಅಂದರೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯವರು ದಪ್ಪದೊಂದು ಫೈಲ್ ಕೊಟ್ಟರು. ಏನು ತಿನ್ನಬೇಕು, ಎಷ್ಟು ನಡೆಯಬೇಕು, ಯಾವ ಮಾತ್ರೆ ಯಾವ ಹೊತ್ತಿಗೆ, ಎಲ್ಲ ಬರೆದಿದ್ದರು. ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಾತ್ರೆ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ತಿಂಗಳಾದರೂ ಅಣ್ಣ ಬರಲಿಲ್ಲ ಅಂತ ತೋಟದ ಮನೆಗೆ ಹೋದೆ. ಬೇಸಿಗೆ, ತೆಂಗಿಗೆ ನೀರು ಬಿಟ್ಟಿರಲಿಲ್ಲ. ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಟಿವಿ ಪಕ್ಕದಲ್ಲಿ ನಾನೇ ಪಿನ್ ಹೊಡೆದು ಕೊಟ್ಟಿದ್ದ ಮಾತ್ರೆ ಕವರ್ ಇತ್ತು. ಪಿನ್ ಬಿಚ್ಚಿರಲಿಲ್ಲ! ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಮಾತ್ರೆಯನ್ನು ಹೇಳದೆ ಕೇಳದೆ ಬಿಟ್ಟರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ. ನನಗೆ ಕೈಕಾಲು ನಡುಗಿತು. ಕೇಳಿದರೆ, "ಯಾಕೋ ಏನೂ ಬ್ಯಾಡ ಅನ್ನಿಸ್ತದಪ್ಪ" ಅಂದ. ಅಷ್ಟೇ. ಅತ್ತಿಗೆ ಪಾಪ, ಆಪರೇಷನ್ ಸುಸ್ತು ಇರಬೇಕು ಅಂದುಕೊಂಡಿದ್ದರು.

ಹಾರ್ಟ್ ಅಟ್ಯಾಕ್ ಆದ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಹಾಗೆ ಬಂದವರಿಗೆ ಮುಂದೆ ಮತ್ತೆ ತೊಂದರೆ ಆಗುವುದು, ಸಾವು ಬರುವುದು ಉಳಿದವರಿಗಿಂತ ಜಾಸ್ತಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಇದನ್ನು ಅಪಾಯದ ಪಟ್ಟಿಗೆ ಸೇರಿಸಬೇಕು ಅಂತ ಹೇಳಿದೆ. ಶುಗರ್ ಇರುವವರಿಗೂ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಖಿನ್ನತೆ ಕಾಣುತ್ತದೆ. ಮನಸ್ಸು ಕುಗ್ಗಿದಾಗ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರಿಯೇ ಇರಬಹುದು, ಅದರಿಂದ ಶುಗರ್ ಏರುತ್ತದೆ. ಜೊತೆಗೆ ನಡೆಯುವುದು ನಿಲ್ಲುತ್ತದೆ, ಬೀಡಿ ಹೆಚ್ಚುತ್ತದೆ, ಮಾತ್ರೆ ತಪ್ಪುತ್ತದೆ. ಶುಗರ್ ಕಂಟ್ರೋಲಿಗೆ ಬರಲ್ಲ ಅಂತ ಡೋಸ್ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ಆ ಮಾತ್ರೆ ಬಾಯಿಗೆ ಹೋಗುತ್ತಿದೆಯಾ, ಯಾಕೆ ಹೋಗುತ್ತಿಲ್ಲ ಅಂತ ಕೇಳುವವರು ಬೇಕಲ್ವಾ?

ಆ ಕಡೆಯಿಂದಲೂ ಹೀಗೇ. ಥೈರಾಯ್ಡ್ ಕಡಿಮೆ ಆದರೆ, ಬಿ12 ಕೊರತೆ ಆದರೆ, ರಕ್ತ ಕಡಿಮೆ ಇದ್ದರೆ ಮನಸ್ಸು ಮಂಕಾಗುತ್ತದೆ. ಅದನ್ನು ಸೋಮಾರಿತನ ಅಂದು ಬೈಯುವವರೇ ಹೆಚ್ಚು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದ ತೂಕ, ಶುಗರ್ ಏರುತ್ತದೆ, ಅವರಿಗೂ ಆಗಾಗ ರಕ್ತ ಪರೀಕ್ಷೆ ಬೇಕು. ಅವರು ಎದೆ ನೋವು ಅಂದರೆ "ಅದು ನಿಮ್ಮ ಮನಸ್ಸಿನದು" ಅಂತ ತಳ್ಳಿಬಿಡುವುದನ್ನು ನಾನೇ ಕೇಳಿದ್ದೇನೆ. ಇದು ತಪ್ಪು.

ಅಣ್ಣನ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾತ್ರೆ ಅವತ್ತೇ ಮತ್ತೆ ಶುರು ಮಾಡಿಸಿದೆ. ಆಮೇಲೆ ಅವನನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುತ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅವರು ಮೊದಲು ಥೈರಾಯ್ಡ್, ಬಿ12 ನೋಡಿಸಿದರು, ಹಾರ್ಟಿನ ಮಾತ್ರೆಗಳ ಪಟ್ಟಿ ಪೂರ್ತಿ ಓದಿದರು, ಆಮೇಲೆ ಔಷಧಿ ಬರೆದರು. ಈ ಔಷಧಿ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ಬಿಡಬೇಡಿ ಅಂದರು. ಅತ್ತಿಗೆ ದಿನಾ ಎದುರಿಗೆ ನಿಂತು ನುಂಗಿಸಿದರು. ಈಗ ಅಣ್ಣ ತೋಟಕ್ಕೆ ಹೋಗುತ್ತಾನೆ. ಕೆಲವು ದಿನ ಇನ್ನೂ ಏಳುವುದಿಲ್ಲ. ಆದರೆ ಮಾತ್ರೆ ತಪ್ಪಿಸಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿತ್ತು. ಖಿನ್ನತೆ ಇದ್ದ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆ 85 ಜನ ಯಾವ ಡಾಕ್ಟರ್ ಹತ್ತಿರವೂ ಹೋಗದವರು ಅಂತ ನನಗೆ ಅನ್ನಿಸುವುದಿಲ್ಲ. ಅಂಥ ಎಷ್ಟೋ ಜನ ನನ್ನ ಅಂಗಡಿ ಮುಂದೆ ಗ್ಯಾಸ್ ಮಾತ್ರೆ ಚೀಟಿ ಹಿಡಿದು ನಿಂತಿರುತ್ತಾರೆ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ದೊಡ್ಡದಲ್ಲ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಫಾರಂನಲ್ಲಿ ಈಗಾಗಲೇ ಎರಡು ಪ್ರಶ್ನೆ ಇವೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ? ಮನಸ್ಸು ಕುಗ್ಗಿದೆ, ಇನ್ನೇನೂ ಉಳಿದಿಲ್ಲ ಅನ್ನಿಸಿತಾ? ಇವೆರಡನ್ನೇ ತಾಲ್ಲೂಕು ಆಸ್ಪತ್ರೆಯ ಬಿಪಿ-ಶುಗರ್ ಕ್ಲಿನಿಕ್‌ನಲ್ಲಿ, ಸ್ಟೆಂಟ್, ಬೈಪಾಸ್ ಆದವರ ಪ್ರತಿ ಭೇಟಿಯಲ್ಲಿ ಕೇಳಲಿ. ಒಂದು ನಿಮಿಷದ ಕೆಲಸ. ಹೌದು ಅಂದವರನ್ನು ಮಂಗಳವಾರಕ್ಕೆ ಬರಹೇಳಲಿ. ಬರಲು ಆಗದವರಿಗೆ 14416ಕ್ಕೆ ಫೋನ್ ಮಾಡಲು ಹೇಳಲಿ. ಅದು ಟೆಲಿ ಮನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಕೌಂಟರ್ ಗಾಜಿಗೆ ಅಂಟಿಸಿದ್ದೇನೆ. ಹೋದ ವಾರ ಆ ಅಕ್ಕ ಅದನ್ನು ನೋಡಿ, "ಇದು ಯಾವುದರ ನಂಬರ್ ತಮ್ಮಾ?" ಅಂತ ಕೇಳಿ, ಗ್ಯಾಸ್ ಮಾತ್ರೆ ಚೀಟಿಯ ಹಿಂದೆ ಬರೆಸಿಕೊಂಡು ಹೋದರು.

ಇಂತಿ,
ಔಷಧ ಅಂಗಡಿಯವರೊಬ್ಬರು
ಹೊಸದುರ್ಗ, ಚಿತ್ರದುರ್ಗ ಜಿಲ್ಲೆ