ಲಾಗ್ ಫೈಲ್ ಕಸವಲ್ಲ, ಅಳಿಸಬೇಡಿ

ಮಾನ್ಯ ಸಂಪಾದಕರೇ,

ಹನ್ನೆರಡು ವರ್ಷಗಳಿಂದ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಒಂದು ಕಚೇರಿಯಿಂದ ರಾತ್ರಿ ಫೋನ್ ಬಂತು. ಬಿಲ್ಲಿಂಗ್ ನಿಂತಿದೆ, 9002 ಅಂತ ಎರರ್ ಬರುತ್ತಿದೆ ಅಂದರು. ಎಸ್‌ಕ್ಯೂಎಲ್ ಸರ್ವರ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ ಅದರ ಅರ್ಥ, ಟ್ರಾನ್ಸಾಕ್ಷನ್ ಲಾಗ್, ಅಂದರೆ ಡೇಟಾದಲ್ಲಿ ಆಗುವ ಬದಲಾವಣೆಗಳನ್ನೆಲ್ಲ ಬರೆದಿಡುವ ಫೈಲ್, ತುಂಬಿದೆ ಅಂತ. ಡೇಟಾ ಬರೀ 6 ಜಿಬಿ, ಲಾಗ್ 210 ಜಿಬಿ! ನಾನು ಲಾಗಿನ್ ಆಗುವಷ್ಟರಲ್ಲಿ ಅಲ್ಲಿದ್ದ ಹುಡುಗ ಸರ್ವೀಸ್ ನಿಲ್ಲಿಸಿ ಆ ಲಾಗ್ ಇರುವ ಎಲ್‌ಡಿಎಫ್ ಫೈಲನ್ನೇ ಅಳಿಸಿಬಿಟ್ಟಿದ್ದ. ‘ಸುಮ್ನೆ ಲಾಗ್ ಅಲ್ವಾ ಸರ್’ ಅಂದ. ಲಾಗ್ ಇಲ್ಲದೆ ತೆರೆಯಲಾಗದೆ ಡೇಟಾಬೇಸ್ ‘ರಿಕವರಿ ಪೆಂಡಿಂಗ್’ ಅಂತ ನಿಂತೇಬಿಟ್ಟಿತು. ಹಿಂದಿನ ರಾತ್ರಿಯ ಬ್ಯಾಕಪ್ ಹಾಕಿ ಎಬ್ಬಿಸಿದೆವು. ಆ ದಿನದ ಬಿಲ್ಲುಗಳನ್ನೆಲ್ಲ ಮೂವರು ಕೂತು ಚೀಟಿ ನೋಡಿ ಮತ್ತೆ ಟೈಪ್ ಮಾಡಿದರು.

ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ದಾರಿ ತಪ್ಪಿಸಿದ್ದು ‘ಲಾಗ್’ ಅನ್ನುವ ಆ ಹೆಸರು. ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್ ತಂತ್ರಾಂಶದಲ್ಲೂ ಜನ ಹೀಗೇ ಅಳಿಸಿ ಕೈಸುಟ್ಟುಕೊಳ್ಳುತ್ತಿದ್ದರು. ಅದಕ್ಕೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ‘ಪಿಜಿ ಎಕ್ಸ್‌ಲಾಗ್’ ಫೋಲ್ಡರಿಗೆ ‘ಲಾಗ್’ ಪದ ಕಾಣದಂತೆ ‘ಪಿಜಿ ವಾಲ್’ ಅಂತ ಹೆಸರು ಬದಲಿಸಿದರು.

ಆ ಕಚೇರಿಯಲ್ಲಿ ಲಾಗ್ ಅಷ್ಟು ಊದಿಕೊಂಡಿದ್ದು ಯಾಕೆ? ಲಾಗನ್ನು ಹೇಗೆ ಉಳಿಸಿಕೊಳ್ಳಬೇಕು ಅಂತ ಹೇಳುವ ಸೆಟ್ಟಿಂಗ್, ಅಂದರೆ ರಿಕವರಿ ಮಾಡೆಲ್, ‘ಫುಲ್’ ಇತ್ತು. ಪ್ರತಿ ರಾತ್ರಿ ಫುಲ್ ಬ್ಯಾಕಪ್ ಆಗುತ್ತಿತ್ತು. ಲಾಗ್ ಬ್ಯಾಕಪ್ ಮಾತ್ರ ಒಂದು ದಿನವೂ ಆಗಿರಲಿಲ್ಲ. ಫುಲ್ ಬ್ಯಾಕಪ್ ತೆಗೆದರೆ ಲಾಗ್ ಖಾಲಿಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಈ ಮಾಡೆಲ್‌ನಲ್ಲಿ ಲಾಗ್ ಬ್ಯಾಕಪ್ ತೆಗೆದರೆ ಮಾತ್ರ ಹಳೆಯ ಜಾಗ ಮತ್ತೆ ಬಳಕೆಗೆ ಸಿಗುತ್ತದೆ. ಒಂದು ದಿನದ ಡೇಟಾ ಹೋದರೂ ನಡೆಯುತ್ತದೆ ಅನ್ನುವವರು ಲಾಗ್ ಜಾಗ ತಾನೇ ಬಿಡುಗಡೆಯಾಗುವ ‘ಸಿಂಪಲ್’ ಮಾಡೆಲ್ ಇಟ್ಟುಕೊಳ್ಳಲಿ.

ಫೈಲ್ ಮುಟ್ಟುವ ಮೊದಲು ಡೇಟಾಬೇಸನ್ನೇ ಕೇಳಿ. ಎಸ್‌ಕ್ಯೂಎಲ್ ಸರ್ವರ್ ತನ್ನ ಡೇಟಾಬೇಸ್‌ಗಳ ವಿವರ ತೋರಿಸುವ ‘ಸಿಸ್ ಡೇಟಾಬೇಸಸ್’ನಲ್ಲಿ ‘ಲಾಗ್ ರೀಯೂಸ್ ವೇಟ್ ಡೆಸ್ಕ್’ ಅಂತ ಒಂದು ಕಾಲಂ ಇದೆ. ಜಾಗ ಯಾಕೆ ಬಿಡುಗಡೆಯಾಗುತ್ತಿಲ್ಲ ಅಂತ ಅದೇ ಹೇಳುತ್ತದೆ: ಲಾಗ್ ಬ್ಯಾಕಪ್ ಬಾಕಿ ಇದೆಯೋ, ಯಾರೋ ಬೆಳಗ್ಗೆ ಶುರು ಮಾಡಿದ ಟ್ರಾನ್ಸಾಕ್ಷನ್ ಇನ್ನೂ ಮುಗಿದಿಲ್ಲವೋ ಅಂತ. ಕಾರಣ ಸರಿಪಡಿಸಿದ ಮೇಲೆ ಒಮ್ಮೆ ಶ್ರಿಂಕ್ ಮಾಡಿ, ಅಂದರೆ ಫೈಲ್ ಕುಗ್ಗಿಸಿ, ಸಾಕು. ಪ್ರತಿ ರಾತ್ರಿ ಶ್ರಿಂಕ್ ಮಾಡಿದರೆ ಫೈಲ್ ಬೆಳಗ್ಗೆ ಮತ್ತೆ ಬೆಳೆಯುತ್ತದೆ, ಬೆಳೆಯುವಾಗೆಲ್ಲ ಕೆಲಸ ಕಾಯುತ್ತದೆ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮೊಬೈಲ್, ಆ್ಯಪ್‌ಗಳ ಬಗ್ಗೆಯೇ ಜಾಸ್ತಿ ಓದುತ್ತೇವೆ. ಇಂಥ ವಿಷಯಕ್ಕೂ ಒಂದಿಷ್ಟು ಜಾಗ ಕೊಡಿ. ಆ ಕಚೇರಿಯಲ್ಲಿ ಈಗ 15 ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ ಆಗುತ್ತಿದೆ. ಅದನ್ನು ಹೊಂದಿಸಿದ್ದು ಅದೇ ಹುಡುಗ.

– ಒಬ್ಬ ಡೇಟಾಬೇಸ್ ನಿರ್ವಾಹಕ