ಟ್ರಂಪೆಟ್ ಪಕ್ಕದ ಕ್ಲಾರಿನೆಟ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮ ಬ್ಯಾಂಡ್ ಸೆಟ್ಟಿಗೆ ನೀನೇ ಲೀಡರ್ ಆದೆ ಅಂತ ತಿಳಿದು ತುಂಬಾ ಖುಷಿಯಾಯಿತು. ಆದರೆ "ಟ್ರಂಪೆಟ್ ಅಬ್ಬರದಲ್ಲಿ ನನ್ನ ಕ್ಲಾರಿನೆಟ್ ಯಾರಿಗೂ ಕೇಳಿಸಲ್ಲ, ನಾನೆಂಥ ಲೀಡರ್" ಎಂದು ಬರೆದಿದ್ದೀಯಲ್ಲ, ಅದು ಎರಡು ದಿನದಿಂದ ಮನಸ್ಸಿನಲ್ಲೇ ಉಳಿದಿದೆ.

ನೀನು ಜಾರ್ಜ್ ಲೂಯಿಸ್ ಎಂಬ ಕ್ಲಾರಿನೆಟ್ ವಾದಕರ ಸಂಗೀತ ಕೇಳಲೇಬೇಕು. ಅಮೆರಿಕದ ನ್ಯೂ ಆರ್ಲಿಯನ್ಸ್‌ನವರು, 1900ರಲ್ಲಿ ಹುಟ್ಟಿದವರು. ನಿನ್ನ ಹಾಗೆ ಅವರೂ ಬೀದಿಯ ಮೆರವಣಿಗೆಗಳಲ್ಲಿ ಊದಿದವರು. ಅಲ್ಲಿಯ ಹಳೇ ಜಾಝ್ ಸಂಗೀತದಲ್ಲಿ ಹಾಡಿನ ಧಾಟಿ ಹಿಡಿದು ಸಾಗುವುದು ಟ್ರಂಪೆಟ್. ಟ್ರೊಂಬೋನ್ ಕೆಳಗಿನ ಸ್ವರಗಳನ್ನು ಎಳೆಯುತ್ತದೆ. ಕ್ಲಾರಿನೆಟ್ ಇವೆರಡರ ಮೇಲೆ ಬಳ್ಳಿಯ ಹಾಗೆ ಹಬ್ಬುತ್ತದೆ. ಮೂವರೂ ಒಟ್ಟಿಗೇ, ಆಗ ತೋಚಿದ್ದನ್ನು ಊದುತ್ತಾರೆ. ಪಕ್ಕದವನು ಏನು ಊದುತ್ತಿದ್ದಾನೆ ಎಂದು ಕೇಳಿಸಿಕೊಳ್ಳದಿದ್ದರೆ ಎಲ್ಲಾ ಗದ್ದಲವೇ, ಅಲ್ವಾ?

ಲೂಯಿಸ್ ಟ್ರಂಪೆಟ್ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಅದು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಇವರ ಸ್ವರ ಮೇಲಕ್ಕೆ ಏರುತ್ತದೆ. ಜೋರಾಗಿ ಊದದೆಯೂ ಎದ್ದು ಕೇಳುತ್ತದೆ. ಮೊದಲು ಅವರು ಬಂಕ್ ಜಾನ್ಸನ್ ಎಂಬ ಟ್ರಂಪೆಟ್ ವಾದಕರ ಬ್ಯಾಂಡಿನಲ್ಲಿದ್ದರು. ಜಾನ್ಸನ್ ದೂರವಾದ ಮೇಲೆ ಬ್ಯಾಂಡಿನ ಹೊಣೆ ಇವರಿಗೆ ಬಂತು. ಆಮೇಲೂ ಟ್ರಂಪೆಟ್‌ನ ಜಾಗವನ್ನು ಇವರು ಕಸಿದುಕೊಳ್ಳಲಿಲ್ಲ. ಕಿಡ್ ಹೊವಾರ್ಡ್ ಅವರ ಟ್ರಂಪೆಟ್, ಜಿಮ್ ರಾಬಿನ್ಸನ್ ಅವರ ಟ್ರೊಂಬೋನ್ ಮೊದಲಿನಂತೆಯೇ ಎದೆಯುಬ್ಬಿಸಿ ನುಡಿಯುತ್ತಿದ್ದವು. ನನಗೆ ಅವರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇನ್ನೊಂದು ಹೇಳಲೇಬೇಕು. 1940ರ ದಶಕದಲ್ಲಿ ಅವರು ಬಂದರಿನಲ್ಲಿ ಹಮಾಲಿ ಮಾಡಿ ಬದುಕುತ್ತಿದ್ದರು. 1944ರಲ್ಲಿ ಅಲ್ಲೇ ಎದೆಗೆ ಬಲವಾದ ಪೆಟ್ಟು ಬಿತ್ತು. ಊದುವವನಿಗೆ ಎದೆಗೇ ಪೆಟ್ಟು ಬಿದ್ದರೆ ಹೇಗಿರುತ್ತೆ, ನಿನಗೆ ಹೇಳಬೇಕಿಲ್ಲ. ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ ಬಿಲ್ ರಸೆಲ್ ಎಂಬುವರು ರೆಕಾರ್ಡಿಂಗ್ ಮಾಡಲು ಅಲ್ಲಿಗೇ ಬಂದರು. ಪಕ್ಕದಲ್ಲಿ ಒಂದು ಬ್ಯಾಂಜೊ, ಒಂದು ಬಾಸ್, ಅಷ್ಟೇ. 'ಬರ್ಗಂಡಿ ಸ್ಟ್ರೀಟ್ ಬ್ಲೂಸ್' ಎಂಬ ಅವರ ಕೃತಿ ಹಾಗೆ ದಾಖಲಾಯಿತು. ನಡುಗುವ ಆ ಸಣ್ಣ ದನಿ ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಮುಂದೆ ಇಂಗ್ಲೆಂಡ್, ಜಪಾನ್ ಸುತ್ತಿ ಬಂದರು. ತಮ್ಮೂರಿನಲ್ಲಿ ಹಳೇ ಜಾಝ್‌ಗೆಂದೇ ಇರುವ ಪ್ರಿಸರ್ವೇಶನ್ ಹಾಲ್‌ನಲ್ಲೂ ನುಡಿಸಿದರು. 1968ರ ಕೊನೆಯ ದಿನ ತೀರಿಕೊಂಡರು.

ಮೊದಲು 'ಬರ್ಗಂಡಿ ಸ್ಟ್ರೀಟ್ ಬ್ಲೂಸ್' ಅನ್ನು ಒಬ್ಬನೇ ಕೇಳು. ಆಮೇಲೆ ಪೂರ್ತಿ ಬ್ಯಾಂಡಿನ ಯಾವುದಾದರೂ ರೆಕಾರ್ಡಿಂಗ್ ಹಾಕು. ಆಗ ನಿಮ್ಮ ಟ್ರಂಪೆಟ್‌ನವನನ್ನೂ ಪಕ್ಕದಲ್ಲಿ ಕೂರಿಸಿಕೋ. ಕೇಳಿದ ಮೇಲೆ ಇಬ್ಬರೂ ಸೇರಿ ಏನಾದರೂ ಊದಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ