ಮಗಳಿಗೊಂದು ಪತ್ರ: ಆ ರನ್ ಯಾರ ಖಾತೆಯದು?

ಕಲಬುರಗಿ
ಭಾನುವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಬೀದರದ ಹಾಸ್ಟೆಲಿನಿಂದ ಫೋನ್ ಮಾಡಿದಾಗ ಬೇಸ್‌ಬಾಲ್ ಪಂದ್ಯ ಗೆದ್ದ ಸುದ್ದಿಯನ್ನು ಸೋತವರ ದನಿಯಲ್ಲಿ ಹೇಳಿದಿ. "ಅಪ್ಪಾ, ನಾವೇನ್ ಗೆದ್ದಿಲ್ಲ, ಅವರೇ ಬಿಟ್ಟುಕೊಟ್ರು. ಸ್ಕೋರ್ ಶೀಟಿನಾಗ ಮೂರೂ ಅನ್‌ಅರ್ನ್ಡ್ ರನ್ ಅಂತ ಬರದಾರ" ಅಂದಿ. ಅಂದರೆ ಎದುರು ಪಕ್ಷದ ಫೀಲ್ಡಿಂಗ್ ತಪ್ಪಿನಿಂದ ಬಂದ, ದುಡಿಯದ ರನ್. ಆ ಮಾತಿಗೆ ನನಗೆ ನಿದ್ದೆ ಹತ್ತಲಿಲ್ಲ. ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವನು ನಾನು. ಖಾತೆ ತಪ್ಪಾಗಿ ಓದಿದರೆ ಸುಮ್ಮನಿರಲು ಆಗುವುದಿಲ್ಲ.

2024ರ ವರ್ಲ್ಡ್ ಸೀರೀಸಿನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಐದನೇ ಪಂದ್ಯ ನೆನಪಿದೆಯಾ? ನ್ಯೂಯಾರ್ಕಿನಲ್ಲಿ ಅಕ್ಟೋಬರ್ 30ರ ರಾತ್ರಿ, ನಮಗೆ ನರಕ ಚತುರ್ದಶಿಯ ಬೆಳಗು. ಅವ್ವ ಎಣ್ಣೆ ಹಚ್ಚಲು ಕರೆದರೂ ನೀ ಫೋನ್ ಬಿಡಲಿಲ್ಲ. ಯಾಂಕೀಸ್ ತಂಡ ಡಾಡ್ಜರ್ಸ್ ಎದುರು 5-0 ಮುಂದಿತ್ತು. ಅದರ ಪಿಚರ್ (ಚೆಂಡು ಎಸೆಯುವವ) ಗೆರಿಟ್ ಕೋಲ್ ನಾಲ್ಕು ಇನಿಂಗ್ಸ್‌ನಲ್ಲಿ ಒಂದೂ ಹಿಟ್ (ಹೊಡೆದು ಬೇಸ್ ಮುಟ್ಟುವ ಹೊಡೆತ) ಕೊಟ್ಟಿರಲಿಲ್ಲ. ಐದನೆಯದರಲ್ಲಿ ಒಂದು ಹಿಟ್ ಬಂತು. ಮುಂದಿನ ಚೆಂಡು ಸೀದಾ ಯಾಂಕೀಸ್ ಫೀಲ್ಡರ್ ಆರನ್ ಜಡ್ಜ್ ಕೈಗೆ ಹೋಗಿ ಜಾರಿತು. ಅದೇ ಪಂದ್ಯದಲ್ಲಿ ಹೋಮ್ ರನ್ ಹೊಡೆದ ಜಡ್ಜ್! ಆಮೇಲೆ ಶಾರ್ಟ್‌ಸ್ಟಾಪ್ ವೋಲ್ಪಿ ಮೂರನೇ ಬೇಸಿಗೆ ಎಸೆದದ್ದೂ ಕೆಟ್ಟಿತು. ಮೂರೂ ಬೇಸ್‌ನಲ್ಲಿ ಡಾಡ್ಜರ್ಸ್ ಓಟಗಾರರು ತುಂಬಿದರು.

ಇಷ್ಟಾದರೂ ಡಾಡ್ಜರ್ಸ್‌ಗೆ ಒಂದೂ ರನ್ ಬಂದಿರಲಿಲ್ಲ, ಗಮನಿಸು. ಕೋಲ್ ಮುಂದಿನ ಇಬ್ಬರನ್ನು, ಅದರಲ್ಲಿ ಒಹ್ತಾನಿಯನ್ನೂ, ಸ್ಟ್ರೈಕ್‌ಔಟ್ ಮಾಡಿದ. ಇನ್ನೊಂದು ಔಟ್ ಸಿಕ್ಕಿದ್ದರೆ ಇನಿಂಗ್ಸ್ ಮುಗಿದು ಆ ಎರಡು ತಪ್ಪುಗಳನ್ನು ಯಾರೂ ನೆನೆಯುತ್ತಿರಲಿಲ್ಲ.

ಆಗ ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಹೊಡೆದದ್ದು ಫಸ್ಟ್ ಬೇಸ್ ಕಡೆ ನೆಲದ ಮೇಲೆ ಉರುಳಿದ ಸಾದಾ ಚೆಂಡು. ಔಟಾದೆ ಅಂದುಕೊಂಡು ಅರ್ಧ ದಾರಿಗೆ ಕಾಲು ಸಡಿಲಿಸುವಂಥ ಚೆಂಡು. ಬೆಟ್ಸ್ ಪೂರಾ ಓಡಿದ. ಕೋಲ್ ಬೇಸಿಗೆ ಓಡದೆ, ಚೆಂಡು ಹಿಡಿದ ಫಸ್ಟ್ ಬೇಸಿನವ ರಿಝೋ ಕಡೆ ಕೈ ತೋರಿಸಿದ, ಬೇಸ್ ಖಾಲಿ. ಸ್ಕೋರ್ ಪುಸ್ತಕದಲ್ಲಿ ಅದು ಎರರ್ (ಫೀಲ್ಡಿಂಗ್ ತಪ್ಪು) ಅಲ್ಲವೇ ಅಲ್ಲ, ಬೆಟ್ಸ್‌ನ ಹಿಟ್. ಒಂದು ರನ್. ಫ್ರೀಮನ್ ಹೊಡೆತಕ್ಕೆ ಎರಡು, ಟಿಯೋಸ್ಕರ್ ಹರ್ನಾಂಡೆಸ್ ಹೊಡೆತಕ್ಕೆ ಇನ್ನೆರಡು. 5-5. ಕೊನೆಗೆ ಡಾಡ್ಜರ್ಸ್ 7-6ರಿಂದ ಗೆದ್ದು ಸೀರೀಸನ್ನೇ ಮುಗಿಸಿತು.

ಆ ಐದೂ ರನ್ ಅನ್‌ಅರ್ನ್ಡ್. ಆದರೆ ಆ ಕಾಲಂ ಪಿಚರಿನ ಖಾತೆಯದು, ಮಗಳೇ. ಜೊತೆಗಾರರ ತಪ್ಪು ಅವನ ಸರಾಸರಿಗೆ ಹತ್ತಬಾರದು ಅಂತ ಬೇರೆ ಬರೆಯುತ್ತಾರೆ. ಫ್ರೀಮನ್ ಲೆಕ್ಕದಲ್ಲಿ ಅವನ ಎರಡು ರನ್ ಪೂರಾ ಎರಡೇ. ತೊಗರಿ ತಂದ ರೈತನಿಗೆ ಜಮಾ ಆದ ರೊಕ್ಕ ಮಿಲ್ಲಿಗೆ ಖರ್ಚು, ರೊಕ್ಕ ಮಾತ್ರ ಒಂದೇ. ನೀ ಎದುರು ಪಕ್ಷದ ಪಿಚರಿನ ಖಾತೆ ಓದಿ ನಿನ್ನದೇ ಅಂತ ಅಳುತ್ತಿದ್ದಿ.

ನಿಮ್ಮ ಪಂದ್ಯದಲ್ಲಿ ನೀ ಹೊಡೆದ ಚೆಂಡು ಹಿಡಿದ ಹುಡುಗಿ ಫಸ್ಟ್ ಬೇಸಿನವಳ ತಲೆ ಮೇಲೆ ಎಸೆದಳು, ಹೌದು. ಫಸ್ಟ್ ಬೇಸ್ ಅವರು ಕೊಟ್ಟದ್ದೇ ಇರಲಿ. ಸೆಕೆಂಡ್ ಬೇಸ್ ನೀ ಓಡಿ ತೊಗೊಂಡದ್ದು. ಮೇ ತಿಂಗಳ ಬಿಸಿಲು ಏರುವ ಮೊದಲು ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ನಿನ್ನ ಸೈಕಲ್ ಹಿಂದೆ ನಾನೂ ಬರುತ್ತಿದ್ದೆನಲ್ಲ, ಔಟ್ ಅಂತ ಗೊತ್ತಿದ್ದರೂ ಬೇಸ್ ದಾಟುವ ತನಕ ಓಡಿರಿ ಅಂತ ನಿಮ್ಮ ಸರ್ ದಿನಾ ಕೂಗುತ್ತಿದ್ದರು. ಅದು ಇಂಥ ದಿನಕ್ಕೇ.

ಚೆಂಡು ಎಸೆದ ಆ ಹುಡುಗಿ ಅತ್ತದ್ದು ನಿನ್ನ ಮನಸ್ಸಿಗೆ ಹತ್ತಿತಲ್ಲ, ಅದು ನನಗೆ ಗೆಲುವಿಗಿಂತ ದೊಡ್ಡದು. ಪಂದ್ಯ ಮುಗಿದ ಮೇಲೆ ಅವಳ ಪಕ್ಕ ಹೋಗಿ ಕೂತಿ ಅಂತ ಕೇಳಿ ಅವ್ವ ಕಣ್ಣೊರೆಸಿಕೊಂಡಳು. ಅವಳ ಸಂಕಟಕ್ಕೂ ನಿನ್ನ ಓಟಕ್ಕೂ ಜಗಳ ಹಚ್ಚಬೇಡ, ಅಷ್ಟೇ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬುಧವಾರ ಕಳಿಸುತ್ತೇವೆ. ಗೆಳತಿಯರಿಗೂ ಕೊಡು.

ಒಂದು ಮಾತು ಕೇಳಬೇಕಿತ್ತು. ಚೆಂಡು ಫಸ್ಟ್ ಬೇಸಿನವಳ ತಲೆ ದಾಟಿದ್ದು ನೋಡಿ ಸೆಕೆಂಡ್ ಬೇಸಿಗೆ ತಿರುಗಿದಿಯೋ, ಇಲ್ಲಾ ನೋಡುವ ಮೊದಲೇ ಕಾಲು ಅತ್ತ ಹೊರಟಿತ್ತೋ? ಮರೆಯದೆ ಬರಿ.

ನಿನ್ನ ಅಪ್ಪ